ಗುಡ್ಡ ಉಳಿದರೆ ಬಾವಿ ಉಳಿದೀತು



ಗುಡ್ಡದ ಬುಡದ ಕುರುಚಲು ಕಾಡನ್ನು ಸವರಿ ಎರಡೆಕರೆ ಹೊಲ ಮಾಡಿಕೊಂಡರೆ ಲಾಭವೋ, ನಷ್ಟವೋ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅನೇಕ ಊರುಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಭೂಮಿ ಹೆಚ್ಚಿದರೆ ಬೆಳೆಯೂ ಹೆಚ್ಚುವುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಹಾಕಿ ನೋಡೋಣ.

ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ನಮ್ಮ ಸೀಮೆಗೆ ವರ್ಷಕ್ಕೆ 24 ಅಂಗುಲ ಮಳೆ ಎಂದಿಟ್ಟುಕೊಂಡರೆ ಎಕರೆಗೆ 24 ಲಕ್ಷ ಲೀಟರ್.

ಇನ್ನು ಖರ್ಚಿನ ಕಡೆ ನೋಡಿ. 9 ಅಡಿ ಅಂತರದಲ್ಲಿ ಅಡಿಕೆ ಇಟ್ಟರೆ ಎಕರೆಗೆ 530ಕ್ಕೂ ಹೆಚ್ಚು ಮರ ಹಿಡಿಯುತ್ತವೆ. ಮರಕ್ಕೆ ದಿನಕ್ಕೆ 15 ಲೀಟರ್ ಕೊಟ್ಟರೂ ದಿನಕ್ಕೆ 8,000 ಲೀಟರ್ ಬೇಕು. ಬೇಸಿಗೆಯ 150 ದಿನಕ್ಕೆ 12 ಲಕ್ಷ ಲೀಟರ್. ಅಂದರೆ ಆ ಎಕರೆಯ ಮೇಲೆ ಬಿದ್ದ ಇಡೀ ವರ್ಷದ ಮಳೆಯಲ್ಲಿ ಅರ್ಧ! ಬಿದ್ದ ಮಳೆಯಲ್ಲಿ ಒಂದಿಷ್ಟು ಹರಿದು ಹೋಗುತ್ತದೆ, ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ. ಬಾವಿಗೆ ಇಳಿಯುವುದು ಅಲ್ಪಭಾಗ ಮಾತ್ರ. ಹಾಗಾದರೆ ನಿಮ್ಮ ಕೊಳವೆಬಾವಿ ಎತ್ತಿಕೊಡುವ ಉಳಿದ ನೀರು ಎಲ್ಲಿಯದು? ನೆರೆಯವರ ಹೊಲದ್ದು, ಗೋಮಾಳದ್ದು, ಮೇಲಿನ ಗುಡ್ಡದ್ದು.

ಆದ್ದರಿಂದ ಗುಡ್ಡವನ್ನು ತೋಟದ ನೀರಿನ ಕಣಜವೆಂದೇ ಎಣಿಸಬೇಕು. ಹುಲ್ಲು, ಗಿಡಗಂಟಿ, ತರಗೆಲೆ ಇದ್ದ ಕಡೆ ಮಳೆನೀರು ತಡೆದು ನಿಂತು ನೆಲಕ್ಕೆ ಇಂಗುತ್ತದೆ. ಬೋಳು ಇಳಿಜಾರಿನಲ್ಲಿ ಅದೇ ನೀರು ಮಣ್ಣನ್ನೂ ಹೊತ್ತು ಓಡಿ ಕೆರೆಯಲ್ಲಿ ಹೂಳು ತುಂಬುತ್ತದೆ. ಎರಡೆಕರೆ ಹೊಲ ಗಳಿಸಲು ಹೋಗಿ ಇದ್ದ ತೋಟದ ನೀರು ಕಳೆದುಕೊಂಡರೆ ಅದು ಯಾವ ಲಾಭ?

ದೊಡ್ಡ ಅಣೆಕಟ್ಟೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ದುರ್ಗದ ಹಿರಿಯರು ಇದನ್ನರಿತವರು. ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹೊಂಡಗಳಲ್ಲಿ ಹಿಡಿದು, ಮೇಲಿನದು ತುಂಬಿದರೆ ಹೆಚ್ಚಿನ ನೀರು ಕೆಳಗಿನದಕ್ಕೆ ಇಳಿಯುವಂತೆ ಮಾಡಿದ್ದರು. ಬಿದ್ದ ಕಡೆಯೇ ನೀರು ಹಿಡಿಯಬೇಕೆಂಬುದು ಅದರ ಪಾಠ.

ಕಾಡಿನ ಜೀವಿಗಳ ಮಾತು

ಕಾಡು ಉಳಿದರೆ ಹಂದಿ ಬಂದು ಬೆಳೆ ತಿನ್ನುತ್ತದೆಯಲ್ಲ ಎನ್ನುವಿರಿ. ಆ ಕಷ್ಟ ನಿಜ. ಬೆಳೆಹಾನಿಯಾದರೆ ಕೂಡಲೇ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಿರಿ. ಆದರೆ ಜೋಗಿಮಟ್ಟಿಯ ಕರಡಿಗೆ ಕಾಡಿನಲ್ಲಿ ಗೆದ್ದಲು, ಜೇನು, ಎಲಚಿ ಹಣ್ಣು ಸಿಗದೆ ಹೋದರೆ ಅದು ಊರ ಕಡೆಗೇ ಬರುವುದು. ಇನ್ನು ಗೂಬೆ ಇಲಿ ಹಿಡಿಯುತ್ತದೆ, ಕಾಜಾಣ ಹುಳು ಹಿಡಿಯುತ್ತದೆ, ಜೇನುನೊಣದಿಂದ ಸೂರ್ಯಕಾಂತಿ ಕಾಳು ಕಟ್ಟುತ್ತದೆ. ಇವು ಕೂಲಿ ಕೇಳದ ಆಳುಗಳು.

ನೀವು ಮಾಡಬೇಕಾದದ್ದು

1. ಹೊಸ ನೆಲ ಸವರುವ ಬದಲು ಇರುವ ಹೊಲವನ್ನು ಬಲಪಡಿಸಿರಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಒಡೆದ ಬದು ಕಟ್ಟಿರಿ.

2. ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ ಬೆಳೆಸಿರಿ. ಹೊಂಗೆ ಸೊಪ್ಪು ಒಳ್ಳೆಯ ಹಸಿರು ಗೊಬ್ಬರ.

3. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಪಂಚಾಯಿತಿಯ ಒಪ್ಪಿಗೆ ಪಡೆದು ಹೊಲಕ್ಕೆ ಹೊಡೆಯಿರಿ. ಕೆರೆಗೂ ಹಿತ, ಮಸಾರಿ ಹೊಲಕ್ಕೂ ಹಿತ.

4. ತೋಟದ ನೆಲವನ್ನು ಬರಿದು ಬಿಡದೆ ಸೋಗೆ, ಗರಿ ಮುಚ್ಚಿರಿ. ಹನಿ ನೀರಾವರಿ ಅಳವಡಿಸಿರಿ. ನೀರು ಉಳಿಯಿತೆಂದು ಮತ್ತೊಂದು ಎಕರೆ ಅಡಿಕೆ ಹಾಕಿದರೆ ಉಳಿತಾಯವೆಲ್ಲ ವ್ಯರ್ಥ. ಆ ಎಕರೆಗೆ ರಾಗಿ, ತೊಗರಿ, ಶೇಂಗಾ ಸಾಕು.

5. ತೊಗರಿ ಹೊಲದಲ್ಲಿ ಎಕರೆಗೆ 20 ಕವಲುಕಡ್ಡಿ ನೆಡಿರಿ. ಹಕ್ಕಿ ಕೂತು ಕಾಯಿಕೊರಕ ಹುಳುವನ್ನು ಆರಿಸಿ ತಿನ್ನುವುದು.

6. ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ, ಕಾವಲಿಗೆ ಬೆಂಕಿ ಇಡಬೇಡಿರಿ.

ಗುಡ್ಡ ಒಬ್ಬರದಲ್ಲ, ಇಡೀ ಊರಿನದು. ಒಬ್ಬರು ಸವರಿದರೆ ಹತ್ತು ಜನರ ಬಾವಿ ಬತ್ತೀತು. ಮುಂಗಾರಿಗೆ ಮುಂಚೆ ಗ್ರಾಮಸಭೆಯಲ್ಲಿ ನಾಲ್ಕು ಜನ ಕೂತು, ನಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಆ ನೆಲ ಈಗ ಹೇಗಿದೆ ಎಂದು ನಡೆದು ನೋಡಿ ಬನ್ನಿರಿ. ಬೆಳೆಯ ಸಲಹೆಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಿರಿ.