ಹೆಬ್ಬೆರಳ ಬುಡ ನೋಡಿಕೋ

ಮಗಳೇ, ರಾತ್ರಿ ಎದ್ದು ಕೂತು ಕೈ ಕೊಡವುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಸೂಜಿಗೆ ದಾರ ಪೋಣಿಸುವಾಗ ಬೆರಳಿಗೆ ಸ್ಪರ್ಶವೇ ತಿಳಿಯದಂತೆ. ಕಿರುಬೆರಳೊಂದು ಬಿಟ್ಟು ಉಳಿದವು ಜೋಮು ಹಿಡಿಯುತ್ತಿದ್ದರೆ ಅದು ಬಹುಮಟ್ಟಿಗೆ ಕಾರ್ಪಲ್ ಟನಲ್ ತೊಂದರೆ, ಅಂದರೆ ಮಣಿಕಟ್ಟಿನಲ್ಲಿ ನರ ಅದುಮಿಕೊಳ್ಳುವುದು. ನನ್ನ ಬಲಗೈಗೆ ಅದರ ಆಪರೇಷನ್ ಆಗಿದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಆಪರೇಷನ್ನಿಗೆ ಅವಸರ ಬೇಡ. ಮೊದಲು ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸು. ಅವೆರಡೂ ಈ ನೋವಿಗೆ ದಾರಿ ಮಾಡಿಕೊಡುತ್ತವೆ. ಬಸುರಿಯರಿಗೂ ಬರುತ್ತದೆ, ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಇಳಿಯುತ್ತದೆ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿ ಮಲಗು. ಕೆಲವು ವಾರ ನೋಡಿಯೂ ತಗ್ಗದಿದ್ದರೆ ಡಾಕ್ಟರು ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬಹುದು.

ಆದರೆ ಹೆಬ್ಬೆರಳ ಬುಡದ ಮಾಂಸವನ್ನು ಆಗಾಗ ನೋಡಿಕೋ. ಅದು ಬಡಕಲಾಗಿ ಒಳಗಿಳಿಯುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ, ಜೋಮು ಹಗಲಿಡೀ ಬಿಡದಿದ್ದರೆ, ಆಮೇಲೆ ಎಣ್ಣೆ ತಿಕ್ಕಿಕೊಂಡು ಕಾಯಬೇಡ. ನರ ಬಹಳ ಕಾಲ ಅದುಮಿಕೊಂಡೇ ಇದ್ದರೆ, ಆಪರೇಷನ್ ಆದರೂ ಸೊರಗಿದ ಮಾಂಸ ಪೂರ್ತಿ ತುಂಬದೆ ಹೋಗಬಹುದು. ನನಗೆ ನಿನ್ನ ಬಗ್ಗೆ ಇರುವ ಭಯ ಇದೊಂದೇ.

ಆಪರೇಷನ್ನಿನಲ್ಲಿ ನರ ಕತ್ತರಿಸಿಬಿಡುತ್ತಾರೆ ಎಂದು ಓಣಿಯವರು ಹೆದರಿಸುತ್ತಾರೆ. ಹಾಗಲ್ಲ. ಮಣಿಕಟ್ಟಿನೊಳಗೆ ಬೆರಳು ಮಡಿಸುವ ಒಂಬತ್ತು ಹುರಿಗಳ ಜೊತೆ ಆ ನರ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಮೇಲಿನ ಗಟ್ಟಿ ಪಟ್ಟಿಯನ್ನಷ್ಟೇ ಸೀಳಿ ಜಾಗ ಮಾಡಿಕೊಡುತ್ತಾರೆ. ಸಾಮಾನ್ಯವಾಗಿ ಕೈಗಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಅವತ್ತೇ ಮನೆಗೆ ಬರುತ್ತೀಯ. ಆಪರೇಷನ್ನಿಗೆ ಹೋಗುವ ಮುಂಚೆ ನರದ ಕರೆಂಟ್ ಪರೀಕ್ಷೆ ಮಾಡಿಸಿರು. ಯಾಕೆಂದರೆ ಕತ್ತಿನ ನರ ಒತ್ತಿದರೂ ಬೆರಳು ಜೋಮು ಹಿಡಿಯುತ್ತದೆ.

ಆಪರೇಷನ್ ಆದ ದಿನದಿಂದಲೇ ಬೆರಳು ಆಡಿಸು, ಕೈ ಎತ್ತರಕ್ಕಿಟ್ಟುಕೋ. ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ರಾತ್ರಿಯ ನೋವು ಬೇಗ ಹೋಗುತ್ತದೆ. ಅಂಗೈ ಬುಡ ಮಾತ್ರ ತಿಂಗಳುಗಟ್ಟಲೆ ನೋಯಬಹುದು, ಹಿಡಿತ ನಿಧಾನವಾಗಿ ಬರುತ್ತದೆ. ಗಾಬರಿಯಾಗಬೇಡ. ಗಾಯ ಕೆಂಪಾಗಿ ಊದಿಕೊಂಡರೆ ಅಥವಾ ಕೀವು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗು.

ಎರಡೂ ಕೈಗೆ ತೊಂದರೆಯಿದ್ದರೆ ಒಂದಾದ ಮೇಲೊಂದು ಮಾಡಿಸು ಎಂಬುದು ನನ್ನ ಮಾತು. ಸ್ನಾನಕ್ಕೆ, ತಲೆ ಬಾಚಿಕೊಳ್ಳಲು ಒಂದು ಕೈಯಾದರೂ ಇರಲಿ. ಬಟ್ಟೆ ಹಿಂಡುವುದು, ಹಿಟ್ಟು ನಾದುವುದು, ಹೊಲಿಗೆ ಮಷೀನ್ ತುಳಿಯುವುದು ಡಾಕ್ಟರು ಹೇಳಿದ ಮೇಲೆಯೇ. ಅಲ್ಲಿವರೆಗೆ ಅಡುಗೆಗೆ ನಾನು ಬಂದಿರುತ್ತೇನೆ.