ಐದು ತೂತು ಕೂತ್ರೆ ಸಾಕಾ? ಹಳೇ ಜಿಪ್ಸಿ ಕಲಿಸಿದ ಡಿಸ್ಕ್–ಹಬ್ ಪಾಠ

ನಮ್ಮೂರು ಬೆಲ್ಲದ ಬಾಗೇವಾಡಿ. ಕಬ್ಬಿನ ಸೀಸನ್‌ನಲ್ಲಿ ಹೊಲದ ದಾರಿ ಹೇಗಿರ್ತದೆ ಅಂತ ಆ ಕಡೆಯವರಿಗೆ ಹೇಳ್ಬೇಕಾಗಿಲ್ಲ. ಅಲ್ಲಿ ಓಡಾಡೋಕೆ ಕಾಕಾ ಒಂದು 1998ರ ಜಿಪ್ಸಿ ಕಿಂಗ್ ಇಟ್ಕೊಂಡಿದ್ದಾರೆ. ಅದರ ಮುಂದಿನ ಬ್ರೇಕ್ ಡಿಸ್ಕ್ ಸವೆದಿತ್ತು. ಕಾಕಾ ಗುಜರಿಯಿಂದ ಒಂದು ಜೋಡಿ ತಂದು, "ತಮ್ಮಾ, ಐದೂ ತೂತು ಬರೋಬ್ಬರಿ ಕುಂಡ್ರತಾವ, ಹಾಕೂಣ" ಅಂದ್ರು. ಸ್ಟಡ್ ಮೇಲೆ ಕೂತಿದ್ದು ನಿಜ. ಆದ್ರೆ ಕ್ಯಾಲಿಪರ್ ಹಾಕೋಕೆ ಹೋದ್ರೆ ಹೊರಗಿನ ಪ್ಯಾಡಿಗೆ ಜಾಗಾನೇ ಇಲ್ಲ! ಅವತ್ತು ನಾನು ವರ್ನಿಯರ್ ಹಿಡಿದು ಕೂತೆ. ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಗಾಡಿಯ ಇತಿಹಾಸ. ಜಿಪ್ಸಿ ಬಂದದ್ದು 1985ರಲ್ಲಿ, 970 ಸಿಸಿ ಎಂಜಿನ್ ಜೊತೆ. 1993ರಲ್ಲಿ ಎಡ–ಬಲ ಚಕ್ರಗಳ ನಡುವಿನ ಅಂತರ 90 ಮಿ.ಮೀ. ಹೆಚ್ಚಾಯ್ತು. 1996ರಲ್ಲಿ 1.3 ಲೀಟರ್ ಎಂಜಿನ್‌ನ ಕಿಂಗ್ ಬಂತು. ಹೆಸರು ಒಂದೇ, ಗಾಡಿ ಬೇರೆ ಬೇರೆ. ಅದಕ್ಕೇ ಅಂಗಡಿಯಲ್ಲಿ "ಜಿಪ್ಸಿ ಡಿಸ್ಕ್ ಕೊಡಿ" ಅಂದ್ರೆ ಸಾಲದು. ಮಾಡೆಲ್, ವರ್ಷ, ಚಾಸಿ ನಂಬರ್ ಹೇಳ್ಬೇಕು. ಆಮೇಲೆ ಹಳೇದು–ಹೊಸದು ಪಕ್ಕದಲ್ಲಿಟ್ಟು ಇವನ್ನ ಅಳೀಬೇಕು:

1. ಪಿಸಿಡಿ. ಸ್ಟಡ್‌ಗಳ ಮಧ್ಯಬಿಂದುಗಳು ಸೇರಿ ಆಗುವ ವೃತ್ತದ ವ್ಯಾಸ. ಐದು ಸ್ಟಡ್ ಇದ್ದಾಗ ಒಂದರ ಎದುರಿಗೆ ಇನ್ನೊಂದು ಇರಲ್ಲ, ನೇರವಾಗಿ ಅಳೆಯೋಕಾಗಲ್ಲ. ಪಕ್ಕಪಕ್ಕದ ಎರಡು ಸ್ಟಡ್‌ಗಳ ಮಧ್ಯದ ದೂರವನ್ನ ಸೈನ್ 36°, ಅಂದ್ರೆ 0.588ರಿಂದ ಭಾಗಿಸಿ. ಜಿಪ್ಸಿಯಲ್ಲಿ ಆ ದೂರ ಸುಮಾರು 82.1 ಮಿ.ಮೀ., ಪಿಸಿಡಿ 139.7 ಮಿ.ಮೀ., ಅಂದ್ರೆ ಐದೂವರೆ ಇಂಚು. ಹಳೇ ಮಹೀಂದ್ರಾ ಜೀಪಿಗೂ ಇದೇ ಅಳತೆ! ಕಾಕಾ ಮೋಸ ಹೋಗಿದ್ದು ಇಲ್ಲೇ. ಪಿಸಿಡಿ ಒಂದೇ ಆದ್ರೆ ತೂತು ಕೂಡ್ತವೆ, ಅಷ್ಟೇ.

2. ನಡುವಿನ ತೂತು. ಇದು ಹಬ್ಬಿನ ಉಬ್ಬಿದ ಭಾಗಕ್ಕೆ ಸರಿಯಾಗಿ ಹೊಂದಬೇಕು. ಚಿಕ್ಕದಾದ್ರೆ ಡಿಸ್ಕ್ ಕೂರೋದೇ ಇಲ್ಲ. ದೊಡ್ಡದಾದ್ರೆ ಡಿಸ್ಕ್ ನಡುವಿನಿಂದ ಸರಿದು, ವೇಗದಲ್ಲಿ ಅದರುತ್ತೆ.

3. ಟೋಪಿಯ ಎತ್ತರ. ಡಿಸ್ಕ್ ನೋಡೋಕೆ ಟೋಪಿ ಥರ ಇರ್ತದಲ್ಲ? ಹಬ್ಬಿಗೆ ತಾಗುವ ಮುಖದಿಂದ ಪ್ಯಾಡ್ ಹಿಡಿಯುವ ಮುಖಕ್ಕೆ ಇರುವ ದೂರ ಇದು. ಕ್ಯಾಲಿಪರ್ ಇರೋದು ನಕಲ್ ಮೇಲೆ, ಹಬ್ ಮೇಲಲ್ಲ. ಹಾಗಾಗಿ ಡಿಸ್ಕ್ ತನ್ನ ಜಾಗ ಬಿಟ್ಟು ಹೊರಗೆ ಬಂದ್ರೆ ಕ್ಯಾಲಿಪರ್ ಅದರ ಹಿಂದೆ ಬರಲ್ಲ. ನಮ್ಮ ಗುಜರಿ ಡಿಸ್ಕ್‌ನಲ್ಲಿ ಇದು 4 ಮಿ.ಮೀ. ವ್ಯತ್ಯಾಸ ಇತ್ತು.

4. ವ್ಯಾಸ ಮತ್ತು ದಪ್ಪ. ಬ್ರೇಕ್ ಟಾರ್ಕ್ = 2 × μ × F × r. ಎಡ–ಬಲ ಡಿಸ್ಕ್‌ಗಳ r ಬೇರೆ ಆದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೀತದೆ. ಅದಕ್ಕೇ ಯಾವಾಗ್ಲೂ ಜೋಡಿಯಾಗಿ ಬದಲಿಸೋದು. ಕನಿಷ್ಠ ದಪ್ಪವನ್ನ ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರ್ತಾರೆ. ಅದಕ್ಕಿಂತ ಕಡಿಮೆ ಇದ್ರೆ ಎಷ್ಟೇ ಅಗ್ಗ ಇದ್ರೂ ಬೇಡ.

5. ಬೇರಿಂಗ್. ಗಾಡಿ ಜಾಕ್ ಮೇಲೆ ಅಷ್ಟೇ ಬಿಡದೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದ್ರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಗ ಆಟ ನಿಂತ್ರೆ ತೊಂದ್ರೆ ಹಬ್ ಬೇರಿಂಗ್‌ನದು. ಇನ್ನೂ ಇದ್ರೆ ಕಿಂಗ್‌ಪಿನ್ ನೋಡಿ. ಹಬ್ಬೇ ಅಲ್ಲಾಡ್ತಿದ್ರೆ ಹೊಸ ಡಿಸ್ಕ್ ಹಾಕಿ ಪ್ರಯೋಜನ ಇಲ್ಲ.

ಕೊನೆಗೆ ಸರಿಯಾದ ಜೋಡಿ ತಂದು ಹಾಕಿದ್ವಿ. ಕಥೆ ಮುಗೀತು ಅನ್ಕೊಂಡೆ. ಎರಡು ತಿಂಗಳಾದ್ಮೇಲೆ ಸಂಕೇಶ್ವರ ದಾಟಿ ತವಂದಿ ಘಾಟ ಇಳಿಯುವಾಗ ಕಾಕಾ ಬ್ರೇಕ್ ಒತ್ತಿದ್ರು, ಪೆಡಲ್ ಕಾಲಡಿ ಗಡಗಡ ನಡುಗಿತು. ಮುಂದೆ ತುಂಬಿದ ಲಾರಿ, ಹಿಂದಿನ ಸೀಟಿನಲ್ಲಿ ಕಾಕೂ, ಮಕ್ಕಳು. ಗಾಡಿ ನಿಂತಿತು, ಆದ್ರೆ ಯಾರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಎಲ್ಲರೂ "ಡಿಸ್ಕ್ ಬೆಂಡ್ ಆಗೇತಿ" ಅಂದ್ರು. ಬಿಚ್ಚಿ ನೋಡಿದ್ರೆ ತಪ್ಪು ನಂದೇ: ಹಬ್ಬಿನ ಮುಖದ ತುಕ್ಕು ತೆಗೆಯದೇ ಡಿಸ್ಕ್ ಕೂರಿಸಿದ್ದೆ. ಲೆಕ್ಕ ನೋಡಿ. ಹಬ್ ಮುಖದ ವ್ಯಾಸ 140 ಮಿ.ಮೀ. ಅಂತಿಟ್ಕೊಳ್ಳಿ, ಒಂದು ಅಂಚಿನಲ್ಲಿ 0.05 ಮಿ.ಮೀ. ತುಕ್ಕು. ಡಿಸ್ಕ್ ವ್ಯಾಸ 280 ಆದ್ರೆ ಸಮರೂಪ ತ್ರಿಕೋನದ ಪ್ರಕಾರ ಅಂಚಿನಲ್ಲಿ ಓಲಾಟ 0.1 ಮಿ.ಮೀ. ಒಂದು ಕಾಗದದಷ್ಟು! ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡಿಗೆ ತಾಗಿ ಸವೀತದೆ, ಡಿಸ್ಕ್ ದಪ್ಪ ಏರುಪೇರಾಗ್ತದೆ, ಆಮೇಲೆ ಪೆಡಲ್ ನಡುಗ್ತದೆ.

ಈ ಸಲ ವೈರ್ ಬ್ರಶ್‌ನಿಂದ ಹಬ್ ಮುಖ ಹೊಳೆಯುವಷ್ಟು ಉಜ್ಜಿದೆ. ಡಿಸ್ಕ್ ಕೂರಿಸಿ, ನಟ್‌ಗಳನ್ನ ನಕ್ಷತ್ರದ ಥರ ಒಂದು ಬಿಟ್ಟು ಒಂದು ಬಿಗಿದು, ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿ ಓಲಾಟ ನೋಡಿದ್ಮೇಲೇ ಕ್ಯಾಲಿಪರ್ ಹಾಕಿದ್ದು.

ನಮ್ಮ ಮೆಟ್ರಾಲಜಿ ಲ್ಯಾಬ್‌ನಲ್ಲಿ ಡಯಲ್ ಗೇಜ್ ರೀಡಿಂಗ್‌ನ ಪಕ್ಕದವರ ರೆಕಾರ್ಡ್ ನೋಡಿ ಬರೆದವ ನಾನು. 0.05ಕ್ಕೂ 0.1ಕ್ಕೂ ಏನು ಮಹಾ ವ್ಯತ್ಯಾಸ ಅಂದ್ಕೊಂಡಿದ್ದೆ. ಆ ವ್ಯತ್ಯಾಸ ಎಷ್ಟು ಅಂತ ಘಾಟಿನಲ್ಲಿ ಗೊತ್ತಾಯ್ತು. ಮುಂದಿನ ಲ್ಯಾಬ್‌ನಲ್ಲಿ ರೀಡಿಂಗ್ ನೀವೇ ತಗೊಳ್ಳಿ, ಗೆಳೆಯರೇ.