ಹೆಣೆದುಕೊಂಡ ಫೋಟಾನುಗಳು, ಗುಟ್ಟಿನ ಕೀಲಿ

ಕ್ವಾಂಟಂ ಸಂವಹನ ಎಂದೊಡನೆ ಸಂದೇಶವೇ ಫೋಟಾನುಗಳಲ್ಲಿ ಹೋಗುತ್ತದೆ ಎಂದು ಹೊಸಬರು ಊಹಿಸುತ್ತಾರೆ. ಸಂದೇಶ ಹೋಗುವುದು ಮಾಮೂಲಿ ಜಾಲದಲ್ಲೇ. ಅದನ್ನು ಗೂಢವಾಗಿಸುವ ಕೀಲಿ, ಅಂದರೆ 0 ಮತ್ತು 1ರ ಉದ್ದನೆಯ ಸಾಲು, ಇಬ್ಬರಿಗೆ ಮಾತ್ರ ಸಿಗಬೇಕು. ಫೋಟಾನುಗಳ ಕೆಲಸ ಆ ಕೀಲಿಯನ್ನು ಒದಗಿಸುವುದು.

ವಿಶೇಷ ಸ್ಫಟಿಕದೊಳಗೆ ಲೇಸರ್ ಹಾಯಿಸಿದಾಗ ಕೋಟ್ಯಂತರ ಫೋಟಾನುಗಳಲ್ಲಿ ಎಲ್ಲೋ ಒಂದು ಎರಡಾಗುತ್ತದೆ. ಈ ಜೋಡಿಯ ಧ್ರುವೀಕರಣಗಳು, ಅಂದರೆ ಬೆಳಕಿನ ಕಂಪನದ ದಿಕ್ಕುಗಳು, ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಬಹುದು. ಒಂದು ಗೌರಿಗೆ, ಇನ್ನೊಂದು ಬಸವನಿಗೆ ಹೋಗಲಿ. ಇಬ್ಬರೂ ತಮಗೆ ತೋಚಿದ ಕೋನದಲ್ಲಿ ಅಳೆಯುತ್ತಾರೆ. ಕೋನ ಒಂದೇ ಆಗಿದ್ದರೆ ಉತ್ತರವೂ ಒಂದೇ. ಆಮೇಲೆ ಕೋನಗಳನ್ನು ಮಾತ್ರ ಬಹಿರಂಗವಾಗಿ ಹೇಳಿಕೊಳ್ಳುತ್ತಾರೆ. ಕೋನ ಹೊಂದಿದ ಕಡೆಯ ಉತ್ತರಗಳೇ ಕೀಲಿ.

ಇಲ್ಲಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ತುಂಬ ಒಳ್ಳೆಯದು: ಒಂದು ಜೊತೆ ಚಪ್ಪಲಿಯನ್ನು ಎರಡು ಡಬ್ಬಿಗಳಲ್ಲಿಟ್ಟು ಕಳಿಸಿದ ಹಾಗಾಯಿತಲ್ಲ, ಎಡದ್ದು ಕಂಡವನಿಗೆ ಇನ್ನೊಂದು ಬಲದ್ದೆಂದು ಗೊತ್ತಲ್ಲ? ಆದರೆ ಚಪ್ಪಲಿಯ ಎಡ-ಬಲ ಹೊರಡುವಾಗಲೇ ನಿಶ್ಚಯವಾಗಿರುತ್ತದೆ. ಫೋಟಾನುಗಳ ಉತ್ತರ ಹಾಗಿಲ್ಲ. ಇದನ್ನು ಪರೀಕ್ಷಿಸುವ ದಾರಿಯನ್ನು 1964ರಲ್ಲಿ ಜಾನ್ ಬೆಲ್ ತೋರಿಸಿದರು. ಬೇರೆ ಬೇರೆ ಕೋನಗಳ ಫಲಿತಾಂಶಗಳು ಎಷ್ಟು ಹೊಂದುತ್ತವೆ ಎಂಬುದರಿಂದ ಒಂದು ಸಂಖ್ಯೆಯನ್ನು ಲೆಕ್ಕ ಹಾಕಬಹುದು. ಉತ್ತರಗಳು ಮೊದಲೇ ನಿಶ್ಚಯವಾಗಿದ್ದರೆ ಅದು 2ನ್ನು ದಾಟದು. ಹೆಣೆದುಕೊಂಡ ಜೋಡಿಗಳಲ್ಲಿ ಸುಮಾರು 2.83ರವರೆಗೆ ಏರಬಲ್ಲದು.

1991ರಲ್ಲಿ ಆರ್ಟರ್ ಎಕರ್ಟ್ ಈ ಸಂಖ್ಯೆಯನ್ನೇ ಕಾವಲಿಗೆ ನಿಲ್ಲಿಸಿದರು. ದಾರಿಯಲ್ಲಿ ಯಾರಾದರೂ ಫೋಟಾನನ್ನು ಅಳೆದರೆ ಉತ್ತರ ಅಲ್ಲೇ ನಿಶ್ಚಯವಾಗಿ, ಸಂಖ್ಯೆ ಕುಸಿಯುತ್ತದೆ. ಆಗ ಆ ಕೀಲಿಯನ್ನು ಎಸೆದುಬಿಟ್ಟರಾಯಿತು. ಸಂದೇಶವಿನ್ನೂ ಹೊರಟೇ ಇಲ್ಲವಾದ್ದರಿಂದ ನಷ್ಟವಿಲ್ಲ. ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಇನ್ನೊಂದು: ಜೋಡಿಗಳನ್ನು ಹುಟ್ಟಿಸುವ ಯಂತ್ರವನ್ನೂ ನಂಬಬೇಕಿಲ್ಲ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚೀನಾದ ಮೀಷಿಯಸ್ ಉಪಗ್ರಹ 1,120 ಕಿ.ಮೀ. ಅಂತರದ ಎರಡು ನೆಲೆಗಳಿಗೆ ಜೋಡಿಗಳನ್ನು ಹಂಚಿತು. ಅಲ್ಲಿ ಮೂಡಿದ ಕೀಲಿ ಉಪಗ್ರಹಕ್ಕೇ ತಿಳಿಯದು. ವೇಗ ಮಾತ್ರ ಸೆಕೆಂಡಿಗೆ 0.12 ಬಿಟ್, ಒಂದು ಬಿಟ್ಟಿಗೆ ಎಂಟು ಸೆಕೆಂಡು ಕಾಯಬೇಕು. ಭಾರತದಲ್ಲಿ ಇಸ್ರೊ 2022ರಲ್ಲಿ ಅಹಮದಾಬಾದಿನ ಎರಡು ಕಟ್ಟಡಗಳ ನಡುವೆ 300 ಮೀಟರ್ ದೂರಕ್ಕೆ ಇದನ್ನು ಮಾಡಿ ತೋರಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ.

ಫೋಟಾನುಗಳಿಂದ ಆಗದ ಕೆಲಸವೂ ಒಂದಿದೆ. ಕೋನಗಳನ್ನು ಹೇಳುತ್ತಿರುವವನು ನಿಜಕ್ಕೂ ಬಸವನೇ ಎಂದು ಗೌರಿಗೆ ಖಾತ್ರಿಯಾಗಬೇಕು. ಅದಕ್ಕೆ ಇಬ್ಬರ ನಡುವೆ ಮೊದಲೇ ಒಂದು ಸಣ್ಣ ಗುಟ್ಟು ಅಥವಾ ಬೇರೆ ಗುರುತಿನ ವ್ಯವಸ್ಥೆ ಇರಲೇಬೇಕು.